ಹೊಳಬಸಪ್ಪ ಒತ್ತಿದ ತಪ್ಪು ಅಕ್ಷರ

ನನಗೆ ತಾಳ್ಮೆ ಇಲ್ಲ. ಮುಚ್ಚಿಟ್ಟು ಪ್ರಯೋಜನವೂ ಇಲ್ಲ, ನಮ್ಮ ಮನೆಯವರೇ ಊರಿಗೆಲ್ಲ ಹೇಳಿಕೊಂಡು ಬಂದಿದ್ದಾರೆ. ಹಾಲು ಕಾಯುವ ತನಕ ಒಲೆಯ ಮುಂದೆ ನಿಲ್ಲುವುದು ನನ್ನಿಂದ ಇವತ್ತಿಗೂ ಆಗುವುದಿಲ್ಲ. ನನ್ನ ತವರು ಕುಂದಗೋಳ. ಚಿಕ್ಕವಳಿದ್ದಾಗ ಅಪ್ಪ ಹಾಡಿಕೆ ಕೇಳಲು ಕರೆದುಕೊಂಡು ಹೋಗುತ್ತಿದ್ದ. ಗವಾಯಿಗಳು ಒಂದೇ ಸ್ವರದ ಮೇಲೆ ನಿಂತರೆಂದರೆ ಕೂತ ಜನವೆಲ್ಲ ಉಸಿರು ಬಿಗಿಹಿಡಿಯುತ್ತಿತ್ತು. ನಾನು ಮಾತ್ರ, ಇದು ಯಾವಾಗ ಮುಗಿಯುತ್ತದೆ, ಮನೆಗೆ ಯಾವಾಗ ಹೋಗುವುದು ಎಂದು ಅಪ್ಪನ ಧೋತರದ ಚುಂಗು ಜಗ್ಗುತ್ತಿದ್ದೆ. ಇಂಥವಳು ಈಗ, ಕಾಯುವುದರಲ್ಲಿ ನಾನು ಕಂಡ ಎಲ್ಲರನ್ನೂ ಮೀರಿಸಿದ ಒಬ್ಬ ಮನುಷ್ಯನ ಬಗ್ಗೆ ಬರೆಯಲು ಕೂತಿದ್ದೇನೆ. ಅವನ ಹೆಸರು ಹೊಳಬಸಪ್ಪ.

ಕಲಘಟಗಿಯ ಬಸ್‌ಸ್ಟ್ಯಾಂಡಿನ ಎದುರಿಗೆ ಹಂಚಿನ ಮನೆಯೊಂದರಲ್ಲಿ ನಮ್ಮ ಬೀಜ ಬೆಳೆಗಾರರ ಸಹಕಾರ ಸಂಘವಿತ್ತು. ಹೈಬ್ರಿಡ್ ಹತ್ತಿಯ ಬೀಜ ಬೆಳೆಯುವ ರೈತರ ಸಂಘ. ನಾನು ಅಲ್ಲಿ ಟೈಪಿಸ್ಟ್. ಹೊಳಬಸಪ್ಪ ಎಂಬತ್ತಾರನೆಯ ಇಸವಿಯಲ್ಲಿ ಕೆಲಸಕ್ಕೆ ಬಂದ. ತಂಬೂರು ಎಂಬ ಊರಿನವನು, ಪಿಯುಸಿ ಓದಿದವನು, ಟೈಪಿಂಗ್ ಪರೀಕ್ಷೆ ಪಾಸು ಮಾಡಿದವನು. ಎತ್ತರಕ್ಕೆ ತೆಳ್ಳಗಿದ್ದ, ಹಣೆಗೆ ದಿನಾ ವಿಭೂತಿ ಹಚ್ಚಿಕೊಂಡೇ ಬರುತ್ತಿದ್ದ. ಬಂದ ದಿನ ನಾನು ಹೆಸರು ಕೇಳಿದೆ. ಅವನು ಬಾಯಿ ತೆರೆದ. ಮಾತು ಬರಲಿಲ್ಲ. ಕತ್ತಿನ ನರ ಉಬ್ಬಿತು, ಕಣ್ಣು ಅರೆ ಮುಚ್ಚಿದವು, ಆದರೂ ಬರಲಿಲ್ಲ. ನಾನು ಅವನ ಅರ್ಜಿ ತೆಗೆದು ನೋಡಿ, ಹೊಳಬಸಪ್ಪನೇನಪಾ, ಕೂಡು ಎಂದೆ. ಅವನು ತಲೆಯಾಡಿಸಿ ಕೂತ.

ಹುಟ್ಟಿನಿಂದಲೂ ಉಗ್ಗು. ಅದರ ಕಥೆಗಳನ್ನು ಅವನು ಆಮೇಲೆ ಮಧ್ಯಾಹ್ನದ ಬುತ್ತಿ ಬಿಚ್ಚಿದಾಗ ನನಗೆ ಒಂದೊಂದಾಗಿ ಹೇಳಿದ. ಒಂದು ಕಥೆಗೆ ಒಂದು ವಾರ ಹಿಡಿದದ್ದೂ ಉಂಟು. ಸಾಲಿಯಲ್ಲಿ ಮಾಸ್ತರರು ಪ್ರಶ್ನೆ ಕೇಳಿದರೆ ಇವನಿಗೆ ಉತ್ತರ ಗೊತ್ತಿರುತ್ತಿತ್ತು, ಎದ್ದು ನಿಲ್ಲುತ್ತಿದ್ದ, ಉತ್ತರ ತುಟಿಗೆ ಬರುವಷ್ಟರಲ್ಲಿ ಮಾಸ್ತರರು ಪಕ್ಕದವನ ಕಡೆ ಕೈ ಮಾಡುತ್ತಿದ್ದರು. ಅವ್ವ ಬೆಲ್ಲ ತರಲು ಅಂಗಡಿಗೆ ಕಳಿಸಿದರೆ ಅಂಗಡಿಯವನು ಇವನ ಮುಖ ನೋಡಿ ತನಗೆ ತೋಚಿದ್ದನ್ನು ಕಟ್ಟಿಕೊಡುತ್ತಿದ್ದ. ಉಪ್ಪು, ಬೆಂಕಿಪೆಟ್ಟಿಗೆ, ಒಮ್ಮೆ ಹೊಗೆಸೊಪ್ಪು. ಹೊಗೆಸೊಪ್ಪು ಹಿಡಿದುಕೊಂಡು ಮನೆಗೆ ಹೋಗಿ ಅವ್ವನ ಕೈಯಲ್ಲಿ ಏಟು ತಿಂದದ್ದನ್ನು ಹೇಳಿ ತಾನೇ ನಗುತ್ತಿದ್ದ. ನನಗೂ ನಗು ಬರುತ್ತಿತ್ತು.

ಒಂದು ಕಥೆಗೆ ಮಾತ್ರ ಅವನು ನಗಲಿಲ್ಲ. ಹೆಣ್ಣು ನೋಡಲು ಹೋದ ದಿನದ್ದು. ಹುಡುಗಿ ರೇಣುಕವ್ವ ಉಪ್ಪಿಟ್ಟಿನ ತಾಟು ತಂದಿಟ್ಟು ಒಳಗೆ ಹೋಗಿದ್ದಳು. ಹಿರಿಯರು ಇವನನ್ನು ಕೇಳಿದರು, ಹುಡುಗಿ ಒಪ್ಪಿಗೆಯೇ ಎಂದು. ಇವನಿಗೆ ಹುಡುಗಿ ಹಿಡಿಸಿದ್ದಳು. ಆದರೆ ಹೇಳಬೇಕೆಂದಿದ್ದ ಮಾತು ಬೇರೆ. ನನ್ನ ಬಾಯಿ ಇಂಥದ್ದು, ಜೀವನಪೂರ್ತಿ ನನ್ನ ಜೊತೆ ಮಾತಾಡಬೇಕಾದವಳು ಅವಳು, ಮೊದಲು ಅವಳನ್ನು ಕೇಳಿರಿ ಎನ್ನಬೇಕೆಂದಿದ್ದ. ಬಾಯಿ ತೆರೆದ. ಮೊದಲ ಅಕ್ಷರ ಹೊರಡುವ ಮುಂಚೆಯೇ ಸೋದರಮಾವ, ಸುಮ್ಮನಿದ್ದಾನೆಂದರೆ ಒಪ್ಪಿದ ಹಾಗೆಯೇ ಎಂದು ಇವನ ಬೆನ್ನು ಚಪ್ಪರಿಸಿದ. ಸಕ್ಕರೆ ಹಂಚಿದರು. ಒಳಗಿದ್ದವಳನ್ನು ಯಾರೂ ಕೇಳಲಿಲ್ಲ, ಅವಳೂ ಸುಮ್ಮನಿದ್ದಳು.

‘ಆಮೇಲಾದರೂ ಕೇಳಿದ್ಯೇನು?’ ಎಂದೆ. ಇಲ್ಲ ಎಂದು ತಲೆ ಅಲ್ಲಾಡಿಸಿದ. ಮದುವೆಯಾಗಿ ಒಂದು ಕೂಸೂ ಆಗಿತ್ತು. ಈಗ ಕೇಳಿ ಏನು ಮಾಡುವುದು ಎಂದುಕೊಂಡು ಬಿಟ್ಟಿದ್ದ. ಒಳ್ಳೆ ಸಂಸಾರ, ಜಗಳ ಇಲ್ಲ, ಮತ್ತೇಕೆ ಇವನಿಗೆ ಈ ಚಿಂತೆ ಎಂದು ನಾನು ಬುತ್ತಿ ಕಟ್ಟಿ ಎದ್ದೆ.

ಎಂಬತ್ತೆಂಟರ ಬೇಸಿಗೆಯಲ್ಲಿ ನಮ್ಮ ಸಂಘಕ್ಕೆ ಕಂಪ್ಯೂಟರ್ ಬಂತು. ದಿಲ್ಲಿಯ ಯಾವುದೋ ಯೋಜನೆಯಲ್ಲಿ ಬಂದದ್ದು. ಅಬ್ಬಾ, ಆ ದಿನದ ಗದ್ದಲವೇ! ಲಾರಿಯಿಂದ ಇಳಿಸಿದ ಕೂಡಲೇ ಕಾರ್ಯದರ್ಶಿ ಮಡಿವಾಳೆಪ್ಪನವರು ತೆಂಗಿನಕಾಯಿ ಒಡೆದು ಗಾಜಿನ ಪರದೆಗೆ ವಿಭೂತಿ ಎಳೆದರು. ಅದಕ್ಕೆಂದು ಕೋಣೆಗೆ ಹೊಸ ಬಣ್ಣ, ಗೋಡೆಗೆ ಏರ್‌ಕಂಡೀಷನರು. ಕೋಣೆಗೆ ಹೋಗುವವರು ಚಪ್ಪಲಿ ಹೊರಗೆ ಬಿಡಬೇಕು. ಸಂತೆಗೆ ಬಂದ ಜನ ಕಿಟಕಿಗೆ ಮುಖವಿಟ್ಟು ಹಸಿರು ಅಕ್ಷರ ಮೂಡುವುದನ್ನು ನೋಡಿ ಕೈಮುಗಿದು ಹೋಗುತ್ತಿದ್ದರು. ನಾನೂ ಯಾರೂ ಇಲ್ಲದಾಗ ಒಮ್ಮೆ ಮುಟ್ಟಿ ಕಣ್ಣಿಗೊತ್ತಿಕೊಂಡಿದ್ದೇನೆ.

ಅದಕ್ಕೆ ಕೆಲಸ ಹೇಳಿಕೊಡಲು ಧಾರವಾಡದಿಂದ ಅಂದಾನೆಪ್ಪ ಎಂಬ ಎಂಜಿನಿಯರ್ ಪ್ರತಿ ಗುರುವಾರ ಬಸ್ಸಿನಲ್ಲಿ ಬರುತ್ತಿದ್ದ. ಅಣ್ಣಿಗೇರಿ ಕಡೆಯ ಹುಡುಗ, ಬುದ್ಧಿವಂತ, ಯಾರ ಮೇಲೂ ಸಿಡುಕದವನು. ಯಂತ್ರ ಒಂದಾದ ಮೇಲೊಂದು ಏನೇನು ಮಾಡಬೇಕೆಂದು ಅವನು ಸಾಲುಸಾಲಾಗಿ ಬರೆದಿಡುತ್ತಿದ್ದ. ಅದಕ್ಕೆ ಶೆಲ್ ಸ್ಕ್ರಿಪ್ಟ್ ಅನ್ನುತ್ತಾರೆ ಎಂದು ಹೇಳಿಕೊಟ್ಟವನೂ ಅವನೇ. ಹೊಳಬಸಪ್ಪನನ್ನು ಯಂತ್ರದ ಮುಂದೆ ಕೂರಿಸಿದರು. ಮಾತಾಡುವ ಕೆಲಸವಿಲ್ಲ, ಬರೀ ಒತ್ತುವ ಕೆಲಸ, ಅವನಿಗೇ ಸರಿ ಎಂದರು ಮಡಿವಾಳೆಪ್ಪನವರು. ಮೊದಲ ತಿಂಗಳು ಅದು ನಿಜವೂ ಆಗಿತ್ತು. ಆ ಪರದೆಯ ಮೂಲೆಯಲ್ಲಿ ಒಂದು ಸಣ್ಣ ಹಸಿರು ಚೌಕ ಮಿಣುಕುತ್ತ ಇವನ ಉತ್ತರಕ್ಕಾಗಿ ಕಾಯುತ್ತಿತ್ತು. ಎಷ್ಟು ಹೊತ್ತಾದರೂ ಬೇಜಾರಿಲ್ಲ, ಪಕ್ಕದವನನ್ನು ಕೇಳುವುದಿಲ್ಲ. ಒಂದು ದಿನ ಹೊಳಬಸಪ್ಪ ಅದನ್ನು ನೋಡುತ್ತಲೇ ಕೂತಿದ್ದ. ಏನಪಾ ಎಂದೆ. ‘ಇದು ಕಾ… ಕಾಯ್ತೈತ್ರಿ ಅಕ್ಕಾ,’ ಎಂದ.

ಆಮೇಲೆ ನಿಯಮ ಬದಲಾಯಿತು. ಹಿಂದಿನ ವರ್ಷ ಯಾರದೋ ಹೆಬ್ಬೆಟ್ಟು ಯಾರೋ ಒತ್ತಿ ರಗಳೆಯಾಗಿತ್ತು. ಆದ್ದರಿಂದ ಬಿತ್ತನೆಗೆ ಮುಂಚೆ ಪ್ರತಿ ಸದಸ್ಯರೂ ಸ್ವತಃ ಬಂದು ಕಿಟಕಿಯಲ್ಲಿ ನಿಂತು ತಮ್ಮ ಬಾಯಿಂದಲೇ ಉತ್ತರ ಹೇಳಬೇಕೆಂದು ಆಡಳಿತ ಮಂಡಳಿ ಗೊತ್ತುಪಡಿಸಿತು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಪ್ರಶ್ನೆ ಬರುತ್ತಿತ್ತು. ಹೊಳಬಸಪ್ಪ ಅದನ್ನು ಕನ್ನಡದಲ್ಲಿ ಕೇಳಬೇಕು, ಅವರು ಹೌದೆಂದರೆ ವೈ, ಅಲ್ಲವೆಂದರೆ ಎನ್ ಅಕ್ಷರ ಒತ್ತಿ ಎಂಟರ್ ಒತ್ತಬೇಕು. ಮಾತು ಬೇಡವೆಂದು ಕೊಟ್ಟ ಕೆಲಸ ಮಾತಿನದೇ ಆಗಿ ಕೂತಿತು. ಒಂದೆರಡು ಸಲ ಅವನು ತಡವರಿಸಿದಾಗ ನಾನು ಬಾಜೂ ಮೇಜಿನಿಂದ ಪ್ರಶ್ನೆಯನ್ನು ಥಟ್ಟನೆ ಕೇಳಿಬಿಟ್ಟೆ. ಅವನು ಕೈ ಎತ್ತಿದ. ‘ನಾ… ನಾನ ಕೇಳ್ತೇನ್ರಿ,’ ಎಂದ. ಉಪಕಾರ ಮಾಡಿದರೂ ಹೀಗೆ ಎಂದು ಮುಖ ಗಂಟಿಕ್ಕಿಕೊಂಡು ಟೈಪು ಕುಟ್ಟತೊಡಗಿದೆ.

ಕಾಯುವ ಯಂತ್ರ ಬಹಳ ದಿನ ಕಾಯಲಿಲ್ಲ. ಒಬ್ಬ ಗೌಡರು ಪ್ರಶ್ನೆ ಕೇಳಿಸಿಕೊಂಡ ಮೇಲೆ, ಮಗನನ್ನು ಕೇಳಿ ಬರುತ್ತೇನೆಂದು ಹೋದವರು ಹೋಟೆಲಿನಲ್ಲಿ ಊಟ ಮುಗಿಸಿ, ಎಲೆಯಡಿಕೆ ಹಾಕಿಕೊಂಡು ಬಂದರು. ಅಷ್ಟೂ ಹೊತ್ತು ಹಿಂದಿದ್ದ ಜನರ ಪಾಳಿ ನಿಂತಲ್ಲೇ ನಿಂತಿತ್ತು. ಮಧ್ಯಾಹ್ನ ಕರೆಂಟು ಹೋಯಿತು, ಜನ ಬೈದುಕೊಂಡು ಊರಿಗೆ ಹೋದರು. ಇದಕ್ಕೊಂದು ಮಿತಿ ಹಾಕಪಾ ಎಂದು ಮಡಿವಾಳೆಪ್ಪನವರು ಅಂದಾನೆಪ್ಪನಿಗೆ ಗಂಟುಬಿದ್ದರು. ನಾನಂತೂ ಎರಡು ಕೈಯೆತ್ತಿ ಹೂಂ ಅಂದೆ.

ಅದು ಸುಲಭದ ಕೆಲಸವಲ್ಲವಂತೆ. ಉತ್ತರ ಓದುವ ಆಜ್ಞೆಗೆ ಹೊತ್ತು ಗೊತ್ತು ಎಂಬುದೇ ಇಲ್ಲ, ಕಾಯಿ ಎಂದರೆ ಕಾಯುತ್ತದೆ ಅಷ್ಟೆ. ಅದಕ್ಕೆ ಅಂದಾನೆಪ್ಪ ಒಂದು ಹಿಕಮತ್ತು ಮಾಡಿದ. ಕಾಯುವವನ ಜೊತೆಗೆ ಇನ್ನೊಬ್ಬನನ್ನು ಹುಟ್ಟಿಸಿದ. ಈ ಎರಡನೆಯವನ ಕೆಲಸ ಒಂದು ನಿಮಿಷ ನಿದ್ದೆ ಮಾಡುವುದು. ಎದ್ದ ಕೂಡಲೇ ಕಾಯುವವನ ಬೆನ್ನು ತಟ್ಟಿ ಸಾಕು ಮುಗಿಸು ಎನ್ನುವುದು. ಅಷ್ಟರೊಳಗೆ ಉತ್ತರ ಬಂದರೆ ನಿದ್ದೆ ಮಾಡುವವನನ್ನು ಮಲಗಿದಲ್ಲೇ ತೆಗೆದುಹಾಕಬೇಕು. ಮೊದಲ ಗುರುವಾರ ಆ ತೆಗೆದುಹಾಕುವುದನ್ನು ಬರೆಯಲು ಮರೆತಿದ್ದ. ಹಳೆ ಪ್ರಶ್ನೆಗಳ ನಿದ್ದೆಗಾರರೆಲ್ಲ ಹೊಸ ಪ್ರಶ್ನೆಗಳ ನಡುವೆ ಎದ್ದು ಬೆನ್ನು ತಟ್ಟಿದ್ದೇ ತಟ್ಟಿದ್ದು. ಕೇಳುವ ಮುಂಚೆಯೇ ಸಾಕು ಮುಗಿಸು! ಅಂದಾನೆಪ್ಪ ತಲೆ ಕೆರೆದುಕೊಂಡು ನಕ್ಕು ಸರಿಮಾಡಿದ.

ನಿಮಿಷ ಮುಗಿದರೂ ಉತ್ತರ ಬರದಿದ್ದರೆ ಏನೆಂದು ಬರೆದುಕೊಳ್ಳಬೇಕು ಎಂದು ಅವನು ಕೇಳಿದ. ಮಡಿವಾಳೆಪ್ಪನವರು ಯೋಚಿಸಲೂ ಇಲ್ಲ. ಹೌದು ಎಂದು ಬರೆದುಕೊ ಎಂದರು. ನಿಮ್ಮ ಊರು ಇದೇ ಏನು, ನಿಮ್ಮ ಹೆಸರು ಇದೇ ಏನು, ಹೋದ ವರ್ಷದಷ್ಟೇ ಬೀಜ ಸಾಕೇನು, ಇವೇ ಪ್ರಶ್ನೆ. ನಮ್ಮ ಕಡೆ ಜನ ಬೇಡವೆಂದರೆ ಬಾಯಿ ಬಿಟ್ಟು ಬೇಡ ಅಂತಾರೆ, ಸುಮ್ಮನಿದ್ದರೆ ಒಪ್ಪಿದ ಹಾಗೆಯೇ ಎಂದರು. ಅಲ್ಲಿದ್ದ ನಮಗಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಅಣ್ಣಿಗೇರಿಯವನಾದ ಅಂದಾನೆಪ್ಪನಿಗೂ ಕಾಣಲಿಲ್ಲ, ಅವನ ಮನೆಯಲ್ಲೂ ಹಾಗೆಯೇ ನಡೆದುಕೊಂಡು ಬಂದಿತ್ತು. ಎಲ್ಲ ಪ್ರಶ್ನೆಗೂ ಒಂದೇ ಕಟ್ಟಳೆ ಬರೆದ. ಹೊಳಬಸಪ್ಪ ಏನೋ ಹೇಳಲು ಬಾಯಿ ತೆರೆದಿದ್ದ. ಅಷ್ಟರಲ್ಲಿ ಧಾರವಾಡದ ಬಸ್ಸು ಬಂತು, ಅಂದಾನೆಪ್ಪ ಚೀಲ ಎತ್ತಿಕೊಂಡು ಓಡಿದ.

ಒಂದು ವಾರ ಎಲ್ಲ ಸರಾಗ ನಡೆಯಿತು. ಒಂದು ಮಂಗಳವಾರ ಕಿವಿ ಕೇಳದ ಮುದುಕಿಯೊಬ್ಬಳು ಕಿಟಕಿಗೆ ಬಂದಳು. ನಿಮ್ಮ ಯಜಮಾನರು ತೀರಿಕೊಂಡಿದ್ದಾರೇನು ಎಂಬ ಪ್ರಶ್ನೆ ಬಂತು. ಹೊಳಬಸಪ್ಪ ಅದನ್ನು ಕೇಳಿ ಮುಗಿಸುವುದರಲ್ಲೇ ಅರ್ಧ ನಿಮಿಷ ಹೋಯಿತು. ಮುದುಕಿ ಏನೆಂದಿ ಮಗಾ ಎಂದು ಕಿವಿ ಮುಂದೆ ಮಾಡಿದಳು. ಅವನು ಎರಡನೆಯ ಸಲ ಕೇಳಲು ಶುರುಮಾಡಿದಾಗ ನಿಮಿಷ ಮುಗಿಯಿತು, ಯಂತ್ರ ಹೌದು ಎಂದು ಬರೆದುಕೊಂಡಿತು. ಯಜಮಾನರು ಬಾಜೂಕ್ಕೇ ಕೋಲು ಊರಿಕೊಂಡು ನಿಂತಿದ್ದರು. ಕಚೇರಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು, ಆ ಅಜ್ಜನೂ ನಕ್ಕ. ಹೊಳಬಸಪ್ಪ ನಗಲಿಲ್ಲ. ಆ ಪ್ರಶ್ನೆಯನ್ನು ಮತ್ತೆ ತೆರೆದು ಅಜ್ಜನನ್ನು ಬದುಕಿಸುವ ಗಡಿಬಿಡಿಯಲ್ಲಿ ಅವನ ಬೆರಳು ಜಾರಿ ವೈ ಅಲ್ಲದ, ಎನ್ ಅಲ್ಲದ ಯಾವುದೋ ಅಕ್ಷರ ಒತ್ತಿತು. ಯಂತ್ರ ಕುಂಯ್ ಎಂದು ಕೂಗಿ, ತಪ್ಪು ಉತ್ತರ ಎಂದು ತೋರಿಸಿ, ಅದೇ ಪ್ರಶ್ನೆಯನ್ನು ಮೊದಲಿನಿಂದ ಕೇಳಿತು. ಹೊಳಬಸಪ್ಪ ತಾನು ಒತ್ತಿದ ಕೀಲಿಯನ್ನೊಮ್ಮೆ, ಹೊಸದಾಗಿ ಬಂದ ಪ್ರಶ್ನೆಯನ್ನೊಮ್ಮೆ ನೋಡಿದ.

ಆ ವಾರವೇ ತಾಯವ್ವ ಬಂದದ್ದು.

ತಾಯವ್ವ ಬಮ್ಮಿಗಟ್ಟಿಯವಳು. ಗಂಡ ಹಿಂದಿನ ದೀಪಾವಳಿಗೆ ತೀರಿಕೊಂಡಿದ್ದ. ಅವನ ಪಾಲಿನ ಹೊಲದ ಬೀಜದ ಪರವಾನಗಿ ಸಂಘದ ನಿಯಮದಂತೆ ಅವಳ ಹೆಸರಿಗೆ ಬಂದಿತ್ತು. ಈ ಪರವಾನಗಿ ಎಂದರೆ ಸಣ್ಣ ಮಾತಲ್ಲ. ಬೀಜದ ಹತ್ತಿಯ ಸುತ್ತಮುತ್ತ ಬೇರೆ ಹತ್ತಿ ಇರಬಾರದು, ಇದ್ದರೆ ಜೇನುಹುಳು ಕಂಡಕಂಡ ಹೂವಿನ ಪುಡಿ ತಂದು ಜಾತಿ ಕೆಡಿಸುತ್ತವೆ. ಹಾಗಾಗಿ ಊರಿಗೆ ಬೆರಳೆಣಿಕೆಯ ಹೊಲಕ್ಕೆ ಮಾತ್ರ ಪರವಾನಗಿ ಸಿಗುತ್ತಿತ್ತು. ಬೀಜ ಕಟ್ಟಿಸುವ ಕೆಲಸವೆಲ್ಲ ಹೆಣ್ಣುಮಕ್ಕಳ ಬೆರಳಿನದು. ಸಂಜೆ ಮೊಗ್ಗು ಬಿಡಿಸಿ ಒಳಗಿನ ಗಂಡು ಎಳೆಗಳನ್ನು ತೆಗೆದು ಕಾಗದದ ಟೊಪ್ಪಿಗೆ ತೊಡಿಸಬೇಕು. ಮರುದಿನ ಬೆಳಿಗ್ಗೆ ಬೇರೆ ಜಾತಿಯ ಹೂವು ತಂದು ಮುಟ್ಟಿಸಿ ದಾರ ಕಟ್ಟಬೇಕು. ಒಂದೊಂದು ಹೂವಿಗೂ ಹೀಗೆ. ತಾಯವ್ವ ಗಂಡ ಇರುವಾಗಲೂ ಈ ಕೆಲಸ ತಾನೇ ಮಾಡಿದವಳು.

ಆ ಪರವಾನಗಿಯನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಅವಳ ಭಾವ ಗುಡದಪ್ಪ ಅವಳನ್ನು ಕರೆದುಕೊಂಡು ಬಂದಿದ್ದ. ಗಂಡನ ಅಣ್ಣ. ಕೆಟ್ಟವನೆಂದು ನಾನು ಹೇಳುವುದಿಲ್ಲ, ಅವಳ ಕೂಸುಗಳ ಅರಿವೆ, ಕಾಳುಕಡಿ ಎಲ್ಲ ನೋಡಿಕೊಳ್ಳುತ್ತಿದ್ದ. ಹೆಂಗಸಿಗೆ ಸಂಘದ ಉಸಾಬರಿ ಯಾಕೆ, ಮನೆಯಲ್ಲಿ ಗಂಡಸು ನಾನಿದ್ದೇನಲ್ಲ ಎಂಬುದು ಅವನ ಲೆಕ್ಕ. ಆದರೆ ಒಮ್ಮೆ ಅವನ ಹೆಸರಿಗೆ ಹೋಯಿತೆಂದರೆ ಯಂತ್ರ ಅಲ್ಲೇ ಪ್ರಮಾಣಪತ್ರ ಅಚ್ಚು ಹಾಕುತ್ತಿತ್ತು. ಅದನ್ನು ತಿರುಗಿ ಪಡೆಯಲು ಅವನದೇ ಒಪ್ಪಿಗೆ ಬೇಕು. ಆಮೇಲೆ ತಾಯವ್ವ ತನ್ನ ಹೊಲದ ಹೂವಿಗೆ ತಾನೇ ಕೂಲಿಯವಳು.

ನಮ್ಮ ಕಡೆಯ ಪದ್ಧತಿ ಓದುವವರಿಗೆ ಗೊತ್ತಿರಲಿ ಎಂದು ಹೇಳುತ್ತೇನೆ. ತಮ್ಮನ ಹೆಂಡತಿ ಭಾವನ ಮುಂದೆ ಬಾಯಿ ಬಿಡುವುದಿಲ್ಲ. ಸೆರಗು ಮುಂದಕ್ಕೆಳೆದುಕೊಂಡು, ಗೋಡೆಗೆ ಮುಖಮಾಡಿ ನಿಲ್ಲುತ್ತಾಳೆ. ಮನೆಗೆ ಬೆಂಕಿ ಬಿದ್ದರೂ ಭಾವನಿಗೆ ನೇರ ಹೇಳದೆ ಅತ್ತೆಗೆ ಹೇಳುತ್ತಾಳೆ. ಹಾಗೆ ನಿಂತ ತಾಯವ್ವನ ಮುಖ ನಮಗಾರಿಗೂ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ಅವಳ ಕೈ ಮಾತ್ರ. ಸೆರಗಿನ ತುದಿಯನ್ನು ತಿರುವುತ್ತಿತ್ತು, ಬಿಚ್ಚುತ್ತಿತ್ತು, ಮತ್ತೆ ತಿರುವುತ್ತಿತ್ತು.

ಹೆಸರು, ಊರು ಎಲ್ಲ ಮುಗಿಯಿತು. ನಿಯಮ ಏನೇ ಇರಲಿ, ಅದಕ್ಕೆಲ್ಲ ಗುಡದಪ್ಪನೇ ಉತ್ತರ ಹೇಳಿದ. ಆಮೇಲೆ ಆ ಪ್ರಶ್ನೆ ಬಂತು. ಹೊಳಬಸಪ್ಪ ತನ್ನ ಕೈಗಡಿಯಾರ ಬಿಚ್ಚಿ ಕೀಲಿಮಣೆಯ ಬಾಜೂಕ್ಕೆ ಇಟ್ಟುಕೊಂಡು ಕೇಳಲು ಶುರುಮಾಡಿದ. ಅವತ್ತು ಅವನ ಉಗ್ಗು ಎಂದಿಗಿಂತ ಹೆಚ್ಚಾಗಿತ್ತು. ಬೀಜದ ಪರವಾನಗಿಯನ್ನು ಗುಡದಪ್ಪನವರಿಗೆ ಬಿಟ್ಟುಕೊಡುತ್ತೀರೇನು ಎಂಬ ಅಷ್ಟು ಮಾತು ಬರುವುದರಲ್ಲಿ ಮುಕ್ಕಾಲು ನಿಮಿಷ ಹೋಯಿತು. ತಾಯವ್ವ ಸುಮ್ಮನೆ ನಿಂತಳು. ಗುಡದಪ್ಪ, ಆಕೆ ಎಲ್ಲಿ ಮಾತಾಡುತ್ತಾಳೆ, ಹೂಂ ಅಂತ ಬರೆದುಕೊಳ್ಳಿ ಎಂದ.

ಹೊಳಬಸಪ್ಪ ಗಡಿಯಾರ ನೋಡಿದ. ನಿಮಿಷ ಮುಗಿಯುವ ಹೊತ್ತಿಗೆ ಒಂದು ಅಕ್ಷರ ಒತ್ತಿ ಎಂಟರ್ ಒತ್ತಿದ. ಯಂತ್ರ ಕುಂಯ್ ಎಂದಿತು. ತಪ್ಪು ಉತ್ತರ ಎಂದು ತೋರಿಸಿ ಪ್ರಶ್ನೆಯನ್ನು ಹೊಸದಾಗಿ ಹಾಕಿತು. ಹೊಸ ನಿಮಿಷ ಶುರುವಾಯಿತು. ಅವನು ಮೊದಲಿನಿಂದ ಕೇಳಿದ, ತಾಯವ್ವ ಮಾತಾಡಲಿಲ್ಲ. ನಿಮಿಷ ತೀರುತ್ತ ಬಂದಾಗ ಮತ್ತೆ ಅದೇ ತಪ್ಪು ಅಕ್ಷರ, ಮತ್ತೆ ಕುಂಯ್. ಮೂರನೆಯ ಸಲಕ್ಕೆ ನನಗೆ ತಿಳಿಯಿತು. ಬೆರಳು ಜಾರುತ್ತಿಲ್ಲ, ಇವನು ಬೇಕೆಂದೇ ಒತ್ತುತ್ತಿದ್ದಾನೆ. ಒಂದೊಂದು ತಪ್ಪು ಉತ್ತರ ಕೊಟ್ಟು ಅವಳಿಗೆ ಒಂದೊಂದು ನಿಮಿಷ ಕೊಡಿಸುತ್ತಿದ್ದಾನೆ. ಟೈಪಿನ ಮೇಲಿದ್ದ ಕೈ ಅಲ್ಲೇ ನಿಂತಿತು.

ಪಾಳಿಯಲ್ಲಿದ್ದವರು ಗೊಣಗಿದರು. ಯಂತ್ರ ಕೆಟ್ಟಿತೇನು ಎಂದು ಒಬ್ಬ, ಇವನ ಬಾಯಿ ಕೆಟ್ಟಿದೆ ಎಂದು ಇನ್ನೊಬ್ಬ. ಗದ್ದಲ ಕೇಳಿ ಮಡಿವಾಳೆಪ್ಪನವರು ಒಳಗಿನಿಂದ ಬಂದು ಪರದೆ ನೋಡಿದರು. ಏನು ಆಟ ಇದು, ವೈ ಒತ್ತು ಎಂದರು. ಹೊಳಬಸಪ್ಪ ಎದ್ದು ನಿಂತ. ದೊಡ್ಡವರು ಮಾತಾಡಿಸಿದರೆ ಎದ್ದು ನಿಲ್ಲುವ ಹುಡುಗ ಅವನು. ಆದರೆ ಕೈ ಕೀಲಿಮಣೆ ಬಿಡಲಿಲ್ಲ, ಕಣ್ಣು ಗಡಿಯಾರ ಬಿಡಲಿಲ್ಲ. ನಡುವೆ ಒಮ್ಮೆ ಬಗ್ಗಿ ತಪ್ಪು ಅಕ್ಷರ ಒತ್ತಿಯೂ ಬಿಟ್ಟ. ಆಮೇಲೆ ಬಾಯಿ ತೆರೆದ. ಕತ್ತಿನ ನರ ಉಬ್ಬಿತು. ಮಡಿವಾಳೆಪ್ಪನವರು ಇನ್ನೇನು ತಾವೇ ಮಾತು ಮುಂದುವರಿಸಬೇಕು, ಅಷ್ಟರಲ್ಲಿ ಅವನ ಮುಖ ನೋಡಿದರೋ ಏನೋ, ಅವರೂ ನಿಂತರು.

‘ಅ… ಅವರು ಹೇಳಿಲ್ರಿ ಇನ್ನಾ,’ ಎಂದ ಹೊಳಬಸಪ್ಪ.

ಇಷ್ಟೇ. ಮಡಿವಾಳೆಪ್ಪನವರು ಕುರ್ಚಿ ಎಳೆದುಕೊಂಡು ಕೂತರು. ಅವರು ಕೂತದ್ದು ನೋಡಿ ಪಾಳಿಯ ಜನವೂ ತಣ್ಣಗಾಯಿತು. ಒಬ್ಬ ಮುದುಕ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು ನೆಲಕ್ಕೆ ಕೂತ. ಏರ್‌ಕಂಡೀಷನರಿನ ಸದ್ದು, ಆಗಾಗ ಯಂತ್ರದ ಕುಂಯ್, ಅದಾದ ಮೇಲೆ ಹೊಳಬಸಪ್ಪನ ಆ ಒದ್ದಾಡುವ ದನಿಯಲ್ಲಿ ಅದೇ ಪ್ರಶ್ನೆ. ಬೇರೆ ಸಪ್ಪಳವಿಲ್ಲ. ನಾನು ಎಷ್ಟೋ ಹಾಡಿಕೆಗಳಲ್ಲಿ ಕಾಣದ ಮೌನ ಅದು. ಅಪ್ಪ ಬದುಕಿದ್ದು ಪಕ್ಕದಲ್ಲಿ ಕೂತಿದ್ದರೂ ನಾನು ಅವತ್ತು ಅವನ ಧೋತರ ಜಗ್ಗುತ್ತಿರಲಿಲ್ಲ. ಜೀವಮಾನವಿಡೀ ಯಾರೂ ಯಾವನ ಮಾತಿಗೆ ಕಾಯಲಿಲ್ಲವೋ ಅವನು ಒಬ್ಬಳ ಮಾತಿಗೆ ಊರನ್ನೇ ಕಾಯಿಸಿದ್ದ.

ಗುಡದಪ್ಪ ಮಾತ್ರ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದ. ಎದುರಿಗೆ ಬಮ್ಮಿಗಟ್ಟಿಯ ಬಸ್ಸು ಬಂದು ನಿಂತಿತ್ತು. ಕಂಡಕ್ಟರ್ ಬಾಗಿಲು ಬಡಿದು ಊರ ಹೆಸರು ಕೂಗತೊಡಗಿದ. ಅದು ತಪ್ಪಿದರೆ ಸಂಜೆಯ ತನಕ ಬೇರೆ ಬಸ್ಸಿಲ್ಲ. ಗುಡದಪ್ಪ ಪರದೆ ನೋಡಿದ, ಬಸ್ಸು ನೋಡಿದ, ತಾಯವ್ವನ ಬೆನ್ನು ನೋಡಿದ. ಅವಳೇನು ಮಾತಾಡುವವಳೇ ಎಂದುಕೊಂಡಿರಬೇಕು. ಬಸ್ಸು ನಿಲ್ಲಿಸಿ ಬರುತ್ತೇನೆ, ಅಷ್ಟರಲ್ಲಿ ಕೆಲಸ ಮುಗಿಸಿ ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡು ರಸ್ತೆಗಿಳಿದ.

ಅವನ ಚಪ್ಪಲಿಯ ಸಪ್ಪಳ ದೂರಾಗುವ ತನಕ ತಾಯವ್ವ ಅಲುಗಲಿಲ್ಲ. ಆಮೇಲೆ ಗೋಡೆಯಿಂದ ಮುಖ ತಿರುಗಿಸಿದಳು. ಸೆರಗು ಹಿಂದಕ್ಕೆ ಸರಿಸಿದಳು. ನಾನು ಅಂದುಕೊಂಡದ್ದಕ್ಕಿಂತ ಸಣ್ಣ ವಯಸ್ಸಿನವಳು. ಹೊಳಬಸಪ್ಪ ಪ್ರಶ್ನೆಯನ್ನು ಮತ್ತೊಮ್ಮೆ ಶುರುಮಾಡಿದ್ದ, ಅರ್ಧಕ್ಕೆ ಸಿಕ್ಕಿಕೊಂಡಿದ್ದ. ಅವಳು ನಡುವೆ ಬಾಯಿ ಹಾಕಲಿಲ್ಲ. ಅವನು ಪೂರ್ತಿ ಕೇಳಿ ಮುಗಿಸುವ ತನಕ ನಿಂತು, ಆಮೇಲೆ ಹೇಳಿದಳು.

‘ಬಿಡಂಗಿಲ್ರಿ. ಆ ಹೊಲದ ಒಂದೊಂದು ಹೂವಿಗೂ ನಾ ದಾರ ಕಟ್ಟೇನಿ. ಅದು ನನ್ನ ಹೆಸರಿಗೇ ಇರಲಿ.’

ಹೊಳಬಸಪ್ಪ ಎನ್ ಒತ್ತಿ, ಎಂಟರ್ ಒತ್ತಿದ. ಯಂತ್ರ ಕುಂಯ್ ಎನ್ನಲಿಲ್ಲ. ಅಚ್ಚಿನ ಯಂತ್ರ ಕರಕರ ಎಂದು ಅವಳ ಹೆಸರಿನ ಪತ್ರ ಹೊರಹಾಕಿತು, ಮಡಿವಾಳೆಪ್ಪನವರು ಎದ್ದು ಬಂದು ಅಲ್ಲೇ ನಿಂತು ಸಹಿ ಮಾಡಿದರು.

ಗುಡದಪ್ಪ ಏದುಸಿರು ಬಿಡುತ್ತ ಬಂದು ಆಯಿತೇ ಎಂದು ಕೇಳಿದ. ತಾಯವ್ವ ಆಗಲೇ ಸೆರಗು ಎಳೆದುಕೊಂಡು ಗೋಡೆಗೆ ತಿರುಗಿದ್ದಳು. ಆಯಿತು, ತಾಯವ್ವನವರ ಹೆಸರಿಗೇ ಇದೆ ಎಂದು ಹೊಳಬಸಪ್ಪ ಹೇಳಿದ. ಯಾರು ಹೇಳಿದ್ದು ಎಂದು ಗುಡದಪ್ಪ ದನಿ ಏರಿಸಿದ. ಆಗ ನೆಲದ ಮೇಲೆ ಕೂತಿದ್ದ ಮುದುಕ, ಆಕೆಯೇ ಹೇಳಿದಳಪ್ಪಾ, ನಾವೆಲ್ಲ ಕೇಳಿದೆವು ಎಂದ. ಪಾಳಿಯಲ್ಲಿದ್ದವರು ಹೌದೆಂದು ತಲೆಯಾಡಿಸಿದರು. ಗುಡದಪ್ಪ ಅಷ್ಟು ಮುಖಗಳನ್ನೂ ನೋಡಿದ. ತಾಯವ್ವ ಪತ್ರವನ್ನು ಮಡಿಚಿ ಕುಪ್ಪಸದಲ್ಲಿಟ್ಟುಕೊಂಡು, ಯಾರನ್ನೂ ನೋಡದೆ, ಅವನಿಗಿಂತ ಮುಂದಾಗಿ ಬಸ್ಸಿನ ಕಡೆ ನಡೆದಳು. ಅವನು ವಟಗುಟ್ಟುತ್ತ ಹಿಂದೆ ಹೋದ. ಮುಂದೆ ನಾನು ನಿವೃತ್ತಿಯಾಗುವ ತನಕ ಪ್ರತಿ ಮುಂಗಾರಿಗೂ ಅವಳು ಒಬ್ಬಳೇ ಬಂದು ಕಿಟಕಿಯಲ್ಲಿ ನಿಂತಳು.

ಗುರುವಾರ ಅಂದಾನೆಪ್ಪ ಬಂದಾಗ ಕಚೇರಿಯವರೆಲ್ಲ ಮುಗಿಬಿದ್ದು ಈ ಕಥೆ ಹೇಳಿದರು. ಅವನು ಬಾಯಿ ಮೇಲೆ ಬೆರಳಿಟ್ಟುಕೊಂಡ. ಆಮೇಲೆ ಹೊಳಬಸಪ್ಪನ ಬಾಜೂಕ್ಕೆ ಕುರ್ಚಿ ಹಾಕಿಕೊಂಡು ದಿನವಿಡೀ ಕೂತ. ಹೊಳಬಸಪ್ಪ ಒಂದೊಂದೇ ಮಾತು ಹೇಳಿದ, ಇವನು ಕಾದು ಕಾದು ಕೇಳಿಸಿಕೊಂಡು ಬರೆದ. ಪ್ರಶ್ನೆ ಪರದೆಗೆ ಬಂದ ಕೂಡಲೇ ನಿಮಿಷ ಶುರುವಾಗುವುದು ಬೇಡ, ಕೇಳಿ ಮುಗಿಸಿದೆ ಎಂದು ಕೀಲಿ ಒತ್ತಿದ ಮೇಲೆ ಶುರುವಾಗಲಿ. ನಿ‍ಮಿಷ ಮುಗಿದರೆ ಮತ್ತೆ ಕೇಳಲಿ. ಊರು, ಹೆಸರು ಹೇಗಾದರೂ ಇರಲಿ, ಬಿಟ್ಟುಕೊಡುವ ಪ್ರಶ್ನೆಗೆ ಮಾತ್ರ ಆಗಲೂ ಸುಮ್ಮನಿದ್ದರೆ ಹೌದೂ ಅಲ್ಲ, ಅಲ್ಲವೂ ಅಲ್ಲ, ಉತ್ತರ ಬಂದಿಲ್ಲ ಎಂದು ಬರೆದುಕೊಳ್ಳಲಿ. ಇದ್ದದ್ದು ಇದ್ದ ಹಾಗೆ ಇರಲಿ. ಧಾರವಾಡದ ಕೊನೆಯ ಬಸ್ಸು ಬಂದು ಹಾರ್ನ್ ಹೊಡೆದರೂ ಅಂದಾನೆಪ್ಪ ಅವತ್ತು ಏಳಲಿಲ್ಲ. ರಾತ್ರಿ ನಮ್ಮ ಮನೆಯಲ್ಲೇ ಉಂಡು ಮಲಗಿದ.

ಇದಾಗಿ ಕೆಲವು ದಿನಕ್ಕೆ ಮಂಗಳವಾರದ ಸಂತೆಯಲ್ಲಿ ಹೊಳಬಸಪ್ಪನ ಹೆಂಡತಿ ರೇಣುಕವ್ವ ಸಿಕ್ಕಳು. ಬದನೆಕಾಯಿ ಆರಿಸುತ್ತಿದ್ದಳು. ನಮ್ಮವರಿಗೆ ಕಚೇರಿಯಲ್ಲಿ ಏನಾಯಿತು ಅಕ್ಕಾ ಎಂದು ಕೇಳಿದಳು. ಏನಾಗಿದೆ ಎಂದೆ. ತಾಯವ್ವ ಬಂದ ದಿನ ಸಂಜೆ ಅವನು ಮನೆಗೆ ಹೋಗಿ ಕೈಕಾಲು ಕೂಡ ತೊಳೆಯದೆ, ರೊಟ್ಟಿ ಬಡಿಯುತ್ತಿದ್ದ ಇವಳ ಮುಂದೆ ಒಲೆಯ ಹತ್ತಿರ ಕೂತನಂತೆ. ಹೆಣ್ಣು ನೋಡಲು ಬಂದ ದಿನ ನಿನ್ನನ್ನು ಯಾರೂ ಕೇಳಲಿಲ್ಲ, ನಾನು ಕೇಳುತ್ತೇನೆ, ನಿನಗೆ ಒಪ್ಪಿಗೆ ಇತ್ತೇನು ಎಂದು ಕೇಳಿದನಂತೆ. ಅಷ್ಟು ಕೇಳಲು ಅವನಿಗೆ ಒಂದು ರೊಟ್ಟಿ ಬೇಯುವಷ್ಟು ಹೊತ್ತು ಹಿಡಿಯಿತಂತೆ. ಇವಳು ರೊಟ್ಟಿ ಬಡಿಯುವುದನ್ನು ಬಿಟ್ಟು ಕೂತಳು. ಹಂಚಿನ ಮೇಲೆ ಎರಡನೆಯ ರೊಟ್ಟಿ ಹೊತ್ತಿ ಕರಕಲಾಯಿತು. ಅವನು ಏಳಲಿಲ್ಲ, ಇನ್ನೊಂದು ಮಾತಾಡಲಿಲ್ಲ, ಹೋಗಲಿ ಬಿಡು ಎನ್ನಲೂ ಇಲ್ಲ, ಅವಳ ಮುಖ ನೋಡುತ್ತ ಕೂತಿದ್ದ.

ನೀನು ಏನೆಂದೆ ಎಂದು ನಾಲಿಗೆಯ ತುದಿಗೆ ಬಂದಿತ್ತು, ತಡೆದುಕೊಂಡೆ. ರೇಣುಕವ್ವ ಒಂದು ಬದನೆಕಾಯಿ ಎತ್ತಿಕೊಂಡು, ತಿರುಗಿಸಿ ನೋಡಿ, ಬುಟ್ಟಿಗೆ ಹಾಕಿದಳು. ಇನ್ನೊಂದು ಎತ್ತಿಕೊಂಡಳು. ಕಾಯಿಪಲ್ಲೆಯವನು ಎಷ್ಟು ಕೊಡಲಿ ಎಂದು ನನ್ನನ್ನು ಕೇಳಿದ, ಸಿಟ್ಟಿನಿಂದ ಮತ್ತೊಮ್ಮೆ ಕೇಳಿದ. ನಾನು ಕೈಚೀಲ ಹಿಡಿದುಕೊಂಡು ಬಿಸಿಲಲ್ಲಿ ನಿಂತೇ ಇದ್ದೆ.

‘ಆಗ ಕೇಳಿದ್ರ ಒಲ್ಲೆ ಅಂತಿದ್ದೆನ್ರಿ ಅಕ್ಕಾ,’ ಎಂದಳು ಕೊನೆಗೆ. ‘ಈಗ ಕೇಳಿದ್ರು. ಹೂಂ ಅಂದೆ.’